ಬಿಕ್ಕಳಿಕೆ ಬಂದ್ರೆ ಯಾರೋ ನೆನೆಸ್ಕೊಂಡ್ರು ಅಂತೀವಿ!

ಜನವರಿ 26 ಬಂತು ಅಂದ್ರೆ ನಮ್ಮ ಕ್ಯಾಮರಾಗಳು ಖಾನಾಪುರ ತಾಲ್ಲೂಕಿನ ನಂದಗಡದ ಕಡೆ ತಿರುಗುತ್ತವೆ. 1831ರಲ್ಲಿ ಅದೇ ದಿನ, ಅದೇ ಊರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಒಂದು ವರ್ಷ ಆ ಆಲದ ಮರದ ಹತ್ತಿರ ಶೂಟಿಂಗ್ ಮುಗಿಸಿ, ಪರಿಚಯದವರ ಮನೆಗೆ ಚಹಾಕ್ಕೆ ಹೋಗಿದ್ದೆ. ಮನೆಯಾಕೆ ಚಹಾದ ಕಪ್ಪನ್ನು ಟೇಬಲ್ ಅಂಚಿಗೆ ಇಟ್ಟಳು, ಅದು ಕೆಳಗೆ ಬಿತ್ತು. "ಎಡಗಣ್ಣ ಕಾಣಂಗಿಲ್ರಿ" ಅಂದಳು. ವಯಸ್ಸು ನಲವತ್ತರ ಆಸುಪಾಸು.

ಕಥೆ ಶುರುವಾಗಿದ್ದು ಬಿಕ್ಕಳಿಕೆಯಿಂದ. ಹತ್ತು ದಿನ ಬಿಡದ ಬಿಕ್ಕಳಿಕೆ, ಜೊತೆಗೆ ವಾಂತಿ. ಯಾರೋ ನೆನೆಸ್ಕೊಂಡಾರ ಅಂತ ಮನೆಯವರು ನಕ್ಕರು, ಆಮೇಲೆ ಗ್ಯಾಸ್ ಗುಳಿಗೆ ಕೊಡಿಸಿದರು. ತಾನಾಗೇ ನಿಂತುಹೋಯ್ತು. ಕೆಲವು ತಿಂಗಳಲ್ಲಿ ಎಡಗಣ್ಣು ನೋವು, ಮಬ್ಬು. ಕನ್ನಡಕ ಬಂತು, ದೃಷ್ಟಿ ಹೋಯ್ತು. ಮುಂದೊಂದು ಬೆಳಗ್ಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ 'ಮಲ್ಟಿಪಲ್ ಸ್ಕ್ಲೆರೋಸಿಸ್' ಅಂತ ಬರೆದರು, ದುಬಾರಿ ಇಂಜೆಕ್ಷನ್ ಶುರು ಮಾಡಿದರು. ಯಾವ ಆಸ್ಪತ್ರೆ, ಯಾವ ವೈದ್ಯರು, ಅದು ಬೇಡ ಬಿಡಿ. ಇಂಜೆಕ್ಷನ್ ತಗೊಂಡ ಮೇಲೂ ಕಾಲು ಮತ್ತೆ ಹೋಯ್ತು.

ಯಾಕೆ? ಆಕೆಗಿದ್ದದ್ದು ಆ ಕಾಯಿಲೆ ಅಲ್ಲ. ಅದರ ತದ್ರೂಪಿನಂತೆ ಕಾಣುವ ಇನ್ನೊಂದು: ನ್ಯೂರೋಮಯಲೈಟಿಸ್ ಆಪ್ಟಿಕಾ. ಹೆಸರು ಬಾಯಿಗೆ ಒಗ್ಗಲ್ಲ, ಎನ್‌ಎಂಒ ಅನ್ನೋಣ. ಎರಡರಲ್ಲೂ ದೇಹದ ರೋಗನಿರೋಧಕ ಪಡೆ ಸ್ವಂತ ನರಮಂಡಲದ ಮೇಲೇ ದಾಳಿ ಮಾಡುತ್ತೆ. ರಾಯಣ್ಣನನ್ನು ಮೋಸದಿಂದ ಹಿಡಿದುಕೊಟ್ಟವರು ನಮ್ಮವರೇ ಅಲ್ವಾ, ಹಾಗೆ. ಆದರೆ ಇಲ್ಲಿ ದ್ರೋಹ ಇಲ್ಲ, ಗುರುತು ತಪ್ಪಿದ್ದು ಅಷ್ಟೇ. ನರಗಳಿಗೆ ಆಸರೆಯಾದ ಕೋಶಗಳ ಮೇಲೆ ನೀರು ಹಾಯಿಸುವ ಪುಟ್ಟ ತೂಬುಗಳಿವೆ, ಹೆಸರು ಅಕ್ವಾಪೋರಿನ್-4. ಎನ್‌ಎಂಒದಲ್ಲಿ ಪ್ರತಿಕಾಯಗಳು ಅದನ್ನೇ ಶತ್ರು ಅಂದ್ಕೊಳ್ಳುತ್ತವೆ. ಕಣ್ಣಿನ ನರ, ಬೆನ್ನುಹುರಿ, ಮೆದುಳಿನ ಬುಡದಲ್ಲಿ ವಾಂತಿ ನಿಯಂತ್ರಿಸುವ ಜಾಗ, ಇಲ್ಲೆಲ್ಲ ಆ ತೂಬು ಹೆಚ್ಚು. ಬಿಕ್ಕಳಿಕೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಾ?

ಫ್ರಾನ್ಸಿನ ಯೂಜೀನ್ ಡೆವಿಕ್ ಈ ಕಾಯಿಲೆಯನ್ನು ವಿವರಿಸಿದ್ದು 1894ರಲ್ಲಿ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಎಂಎಸ್‌ನ ಒಂದು ರೂಪ ಅಂತಲೇ ಬಹಳ ಜನ ನಂಬಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ತಂಡ ರಕ್ತದಲ್ಲಿ ಆ ಪ್ರತಿಕಾಯವನ್ನು ಪತ್ತೆ ಹಚ್ಚಿತು, ಮರುವರ್ಷ ಗುರಿ ಅಕ್ವಾಪೋರಿನ್ ಅಂತ ತಿಳಿಯಿತು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಎನ್‌ಎಂಒ ಇದ್ದವರಲ್ಲಿ ಕಾಯಿಲೆಯನ್ನು ಉಲ್ಬಣಿಸಬಹುದು. ಇದು ಸಣ್ಣ ಮಾತಲ್ಲ.

ಈಗ ಬನ್ನಿ ಮಂಗಳೂರಿಗೆ. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಕಾಲೇಜಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಇಂಥ ರೋಗಿಗಳದ್ದೇ ಒಂದು ದಾಖಲೆ ಪುಸ್ತಕ ಶುರು ಮಾಡಿದರು: ಮಂಗಳೂರು ಡಿಮೈಲಿನೇಟಿಂಗ್ ಡಿಸೀಸ್ ರಿಜಿಸ್ಟ್ರಿ. ಎಂಎಸ್ ಬಿಳಿಯರ ಕಾಯಿಲೆ, ನಮ್ಮಲ್ಲಿ ಎಲ್ಲಿದೆ ಅನ್ನೋರಿಗೆ 2014ರಲ್ಲಿ ಪ್ರಕಟವಾದ ಅವರ ಅಧ್ಯಯನ ಉತ್ತರ ಕೊಟ್ಟಿತು. ಮಂಗಳೂರು ನಗರದಲ್ಲಿ ಲಕ್ಷಕ್ಕೆ ಎಂಟಕ್ಕೂ ಹೆಚ್ಚು ಮಂದಿಗೆ ಎಂಎಸ್ ಇತ್ತು. ಎನ್‌ಎಂಒ ಅದಕ್ಕಿಂತ ಕಡಿಮೆ, ಆದರೆ ಇದೆ.

ನನಗೆ ಇನ್ನೂ ದೊಡ್ಡದಾಗಿ ಕಂಡಿದ್ದು ಅವರ ಲ್ಯಾಬಿನ ಪರೀಕ್ಷೆ. ಜೀವಕೋಶಗಳಲ್ಲಿ ಅಕ್ವಾಪೋರಿನ್ ಬೆಳೆಸಿ, ಅದರ ಮೇಲೆ ರೋಗಿಯ ರಕ್ತದ ಸೀರಂ ಹಾಕ್ತಾರೆ. ಪ್ರತಿಕಾಯ ಇದ್ದರೆ ಅಂಟಿಕೊಂಡು ಸೂಕ್ಷ್ಮದರ್ಶಕದಡಿ ಹೊಳೆಯುತ್ತೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರ ಜೊತೆ ಸೇರಿ ಸಂಶೋಧನೆ ಪ್ರಕಟಿಸಿದ್ದಾರೆ. ಹೊರರಾಜ್ಯದ ವೈದ್ಯರೂ ಇಲ್ಲಿಗೆ ಮಾದರಿ ಕಳಿಸಿದ್ದಾರೆ. ಅಂದ್ರೆ ಕಾಲು ಬಾರದ ರೋಗಿ ಊರೂರು ಅಲೆಯೋದು ಬೇಡ, ಒಂದು ಚಮಚೆ ರಕ್ತ ಪ್ರಯಾಣ ಮಾಡಿದ್ರೆ ಸಾಕು.

ಗುರುತು ಸರಿಯಾಗಿ ಸಿಕ್ಕರೆ ದಾರಿ ಇದೆ. ದಾಳಿ ನಡೆದಾಗ ಸ್ಟೆರಾಯ್ಡ್, ಅದಕ್ಕೂ ಬಗ್ಗದಿದ್ದರೆ ಪ್ಲಾಸ್ಮಾ ಬದಲಾವಣೆ, ಅದೂ ಬೇಗ ಆಗಬೇಕು. ಮರುದಾಳಿ ತಡೆಯಲು ರಿಟುಕ್ಸಿಮ್ಯಾಬ್, ಇಲ್ಲವೇ ಅಜಾಥಯೋಪ್ರಿನ್‌ನಂಥ ಹಳೆಯ, ಅಗ್ಗದ ಗುಳಿಗೆ. ಒಂದೊಂದು ದಾಳಿಯೂ ಕಣ್ಣನ್ನೋ ಕಾಲನ್ನೋ ಕಾಯಂ ಕಿತ್ಕೊಳ್ಳಬಹುದು. ಬಹುಪಾಲು ಬಲಿಯಾಗೋದು ಹೆಂಗಸರು, "ಏನೋ ಸುಸ್ತು" ಅಂತ ತಿಂಗಳುಗಟ್ಟಲೆ ಸುಮ್ಮನಿರೋರೂ ಅವರೇ. ಹಾಗಂತ ಎರಡು ಬಿಕ್ಕಳಿಕೆಗೆ ಎದ್ದು ಓಡಬೇಡಿ ಮತ್ತೆ! ದಿನಗಟ್ಟಲೆ ನಿಲ್ಲದಿದ್ದರೆ, ಅದರ ಹಿಂದೆಯೋ ಮುಂದೆಯೋ ಕಣ್ಣು ಮಬ್ಬಾದರೆ, ಎರಡನ್ನೂ ಒಬ್ಬರೇ ವೈದ್ಯರ ಮುಂದೆ ಹೇಳಿ. ನಂದಗಡದ ಆಕೆ ಹೊಟ್ಟೆ ಡಾಕ್ಟರಿಗೆ ಬಿಕ್ಕಳಿಕೆ ಹೇಳಿದಳು, ಕಣ್ಣಿನ ಡಾಕ್ಟರಿಗೆ ಕಣ್ಣು.

ಕೊನೆಗೆ ಬೆಳಗಾವಿಯ ಒಬ್ಬ ನರರೋಗ ತಜ್ಞರು ಹಳೇ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತು ಕೇಳಿದರಂತೆ, ರಕ್ತ ಪರೀಕ್ಷೆಗೆ ಕಳಿಸಿದರಂತೆ. ಮೊನ್ನೆ ಫೋನ್ ಮಾಡಿದ್ದೆ. ಎಡಗಣ್ಣು ವಾಪಸ್ ಬಂದಿಲ್ಲ. ಗೋಡೆ ಹಿಡಿಯದೆ ಅಂಗಳದ ತನಕ ನಡೀತಾಳೆ. ಗುಳಿಗೆ ತಪ್ಪಿಸಿಲ್ಲ.