ಹಿಮದ ಮೇಲೆ ಓಡುವ ಯುವಜನರು: ಹೊರದೇಶದ ತರಬೇತಿ ಏಕೆ?

ಕರಾವಳಿಯ ನಮಗೆ ಹಿಮವೆಂದರೆ ಕ್ರಿಸ್ಮಸ್ ಕಾರ್ಡಿನಲ್ಲಿ ಕಂಡದ್ದು ಮಾತ್ರ. ಆದರೆ ನಮ್ಮ ದೇಶದ ಮನಾಲಿ, ಗುಲ್ಮಾರ್ಗ್‌ಗಳಲ್ಲಿ ಹಿಮದ ಇಳಿಜಾರಿನಲ್ಲೇ ಆಡಿ ಬೆಳೆಯುವ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಆಲ್ಪೈನ್ ಸ್ಕೀಯಿಂಗ್ ಸ್ಪರ್ಧೆಗಾಗಿ ಯುರೋಪಿಗೆ ಹೋಗುತ್ತಾರೆ. ಇದೇನು ಆಟ, ಹೊರದೇಶಕ್ಕೆ ಹೋಗಲೇಬೇಕಾದ ಅಗತ್ಯವೇನು ಎಂಬುದನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಆಲ್ಪೈನ್ ಸ್ಪರ್ಧೆಯಲ್ಲಿ ಸ್ಲಾಲಂ, ಜಯಂಟ್ ಸ್ಲಾಲಂ, ಸೂಪರ್ ಜಿ, ಡೌನ್‌ಹಿಲ್ ಎಂಬ ಮುಖ್ಯ ವಿಭಾಗಗಳಿವೆ. ಸ್ಲಾಲಂನಲ್ಲಿ ಕಂಬಗಳು ಹತ್ತಿರ ಹತ್ತಿರ ಇರುತ್ತವೆ; ಪುರುಷರ ಸ್ಕೀ ಕನಿಷ್ಠ 165 ಸೆಂಟಿಮೀಟರ್ ಉದ್ದವಿರಬೇಕು. ಜಯಂಟ್ ಸ್ಲಾಲಂನಲ್ಲಿ ಕಂಬಗಳ ನಡುವಿನ ಅಂತರ ಹೆಚ್ಚು, ಸ್ಕೀ ಕೂಡ ಉದ್ದ. ಈ ಎರಡರಲ್ಲೂ ಎರಡು ಬಾರಿ ಇಳಿಯಬೇಕು. ಎರಡೂ ಸಮಯ ಕೂಡಿಸಿ ಫಲಿತಾಂಶ ಹೇಳುತ್ತಾರೆ. ಒಂದು ಕಂಬ ತಪ್ಪಿದರೆ ಅಲ್ಲಿಗೇ ಆಟ ಮುಗಿಯಿತು. ಡೌನ್‌ಹಿಲ್‌ನಲ್ಲಿ ವೇಗ ಗಂಟೆಗೆ 130 ಕಿಲೋಮೀಟರ್ ದಾಟುವುದುಂಟು.

ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಮಾನ್ಯತೆ ಪಡೆದ ಸ್ಪರ್ಧೆಗಳಲ್ಲಿ ಭಾಗವಹಿಸಿ ಅಂಕವನ್ನು ಇಳಿಸಿಕೊಳ್ಳಬೇಕು. ಅಂಕ ಹೆಚ್ಚಿರುವವರಿಗೆ ಸರದಿ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಮುಂದಿನವರ ಸ್ಕೀಯಿಂದ ದಾರಿ ಗುಂಡಿಬಿದ್ದಿರುತ್ತದೆ. ಹೀಗಾಗಿ ಹಿಂದುಳಿದವರಿಗೆ ಮುಂದೆ ಬರುವುದು ಇನ್ನೂ ಕಷ್ಟ. ಇಂಥ ಮಾನ್ಯ ಸ್ಪರ್ಧೆಗಳು ಯುರೋಪಿನಲ್ಲಿ ಹೇರಳ, ನಮ್ಮಲ್ಲಿ ವಿರಳ. ಹಿಮಾಲಯದಲ್ಲಿ ಸ್ಕೀಯಿಂಗ್ ಕಾಲ ಕೆಲವೇ ತಿಂಗಳು. ಆಸ್ಟ್ರಿಯದ ಹಿಂಟರ್‌ಟುಕ್ಸ್ ಹಾಗೂ ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಹಿಮನದಿಗಳಲ್ಲಿ ಬೇಸಿಗೆಯಲ್ಲೂ ಅಭ್ಯಾಸ ಸಾಧ್ಯ.

ಮನಾಲಿ ಸಮೀಪದ ಬುರುವಾ ಗ್ರಾಮದ ಆಂಚಲ್ ಠಾಕೂರ್ ಅವರ ಬೆಳವಣಿಗೆ ಇದಕ್ಕೆ ಒಳ್ಳೆಯ ಉದಾಹರಣೆ. ತಂದೆ ರೋಷನ್ ಠಾಕೂರ್ ಸ್ಕೀಯಿಂಗ್ ಕ್ಷೇತ್ರದವರೇ. ಅಣ್ಣ ಹಿಮಾಂಶು 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದವರು. ಆಂಚಲ್ 2012ರಲ್ಲಿ, ತಮ್ಮ 15ನೇ ವಯಸ್ಸಿನಲ್ಲಿ, ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಯುವ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. 2018ರ ಜನವರಿಯಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಸ್ಲಾಲಂ ಕಂಚಿನ ಪದಕ ಗೆದ್ದಾಗ, ಅಂತರರಾಷ್ಟ್ರೀಯ ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಮೊದಲ ಪದಕ ಬಂದಿತು. 2021ರಲ್ಲಿ ಮಾಂಟೆನೆಗ್ರೊದಲ್ಲಿ ಮತ್ತೊಂದು ಕಂಚು ಬಂದಿತು. ಮೊದಲ ಅಂತರರಾಷ್ಟ್ರೀಯ ಕಣದಿಂದ ಮೊದಲ ಪದಕದವರೆಗೆ ಆರು ವರ್ಷ ಕಾಯಬೇಕಾಯಿತು ಎಂಬುದನ್ನು ನಾವು ಗಮನಿಸಬೇಕು.

ಕಾಶ್ಮೀರದ ಆರಿಫ್ ಖಾನ್ ನಾಲ್ಕನೇ ವಯಸ್ಸಿನಲ್ಲಿ ಸ್ಕೀ ಕಟ್ಟಿದವರು. ಗುಲ್ಮಾರ್ಗ್‌ನಲ್ಲಿ ಅವರ ತಂದೆಯದು ಸ್ಕೀ ಸಾಮಗ್ರಿಯ ಅಂಗಡಿ. ಹಣದ ಅಡಚಣೆಯಿಂದ 2018ರ ಒಲಿಂಪಿಕ್ಸ್ ಅವಕಾಶ ಕೈತಪ್ಪಿತು. ಅವರು ಬಿಡದೆ ದುಬೈ, ಮಾಂಟೆನೆಗ್ರೊಗಳಲ್ಲಿ ಸ್ಪರ್ಧಿಸಿ 2022ರ ಬೀಜಿಂಗ್ ಕೂಟಕ್ಕೆ ಅರ್ಹತೆ ಪಡೆದರು. ಅಲ್ಲಿ ಭಾರತದ ಏಕೈಕ ಸ್ಪರ್ಧಿ ಅವರೇ. ಹಿಮ ಸುರಿಯುತ್ತಿದ್ದ ಆ ದಿನ ಹಲವರು ಕೊನೆ ಮುಟ್ಟಲಿಲ್ಲ. ಆರಿಫ್ ಜಯಂಟ್ ಸ್ಲಾಲಂ ಮುಗಿಸಿ 45ನೆಯವರಾದರು.

ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಇದೇಕೆ ಎಂದು ಕೆಲವರು ಕೇಳಬಹುದು. ಸಂತ ದ್ವಿತೀಯ ಜಾನ್ ಪಾಲರು 1986ರ ಫೆಬ್ರವರಿ 6ರಂದು ಮಂಗಳೂರಿಗೆ ಬಂದುದನ್ನು ನಮ್ಮ ಹಿರಿಯರು ಮರೆತಿಲ್ಲ. ಅದಕ್ಕೆ ಸುಮಾರು ಒಂದೂವರೆ ವರ್ಷ ಮೊದಲು, 1984ರ ಜುಲೈಯಲ್ಲಿ, ಅದೇ ಜಗದ್ಗುರುಗಳು ಇಟಲಿಯ ಅಡಮೆಲ್ಲೊ ಹಿಮನದಿಯಲ್ಲಿ ಸ್ಕೀ ಮಾಡಿದ್ದರು. ಆಸ್ಟ್ರಿಯದ ಸ್ಟಾಮ್ಸ್ ಊರಿನಲ್ಲಿ 1273ರಲ್ಲಿ ಸ್ಥಾಪನೆಯಾದ ಸಿಸ್ಟರ್ಸಿಯನ್ ಮಠವಿದೆ. ಅದೇ ಊರಿನಲ್ಲಿ 1967ರಲ್ಲಿ ಆರಂಭವಾದ ಸ್ಕೀ ಶಾಲೆಯಲ್ಲಿ ಮಕ್ಕಳಿಗೆ ಓದು ಮತ್ತು ತರಬೇತಿ ಎರಡೂ ಒಟ್ಟಿಗೆ ಸಿಗುತ್ತವೆ. ಕ್ರೀಡೆಯ ಕುರಿತು ವ್ಯಾಟಿಕನ್ 2018ರ ಜೂನ್ 1ರಂದು ಒಂದು ದಾಖಲೆಯನ್ನೇ ಪ್ರಕಟಿಸಿತು. ಸಂತ ಪೌಲರು ಕೊರಿಂಥದವರಿಗೆ ವಿಶ್ವಾಸದ ಬಾಳನ್ನು ವಿವರಿಸಲು ಓಟಗಾರನ ಶಿಸ್ತನ್ನೇ ಉದಾಹರಣೆಯಾಗಿ ಕೊಟ್ಟರು.

ನಮ್ಮ ಧರ್ಮಕೇಂದ್ರಗಳಿಂದ ಓದಿಗೆ, ಕೆಲಸಕ್ಕೆ, ಆಟಕ್ಕೆ ಮಕ್ಕಳು ದೂರ ಹೋಗುತ್ತಿದ್ದಾರೆ. ಕಳುಹಿಸುವ ದಿನ ನಮ್ಮ ಉತ್ಸಾಹ ದೊಡ್ಡದು, ಆಮೇಲೆ ಕೇಳುವ ಪ್ರಶ್ನೆ ಒಂದೇ, “ಏನು ಗೆದ್ದೆ? ಎಷ್ಟು ಸಂಪಾದನೆ?” 45ನೇ ಸ್ಥಾನ ಪಡೆದ ಮಗುವಿಗೆ ಈ ಪ್ರಶ್ನೆ ಎಷ್ಟು ಭಾರವೆಂದು ನಾವು ಯೋಚಿಸುವುದಿಲ್ಲ. ಬಿದ್ದ ದಿನವೂ ಮನೆಗೆ ಧೈರ್ಯವಾಗಿ ಫೋನ್ ಮಾಡಬಹುದು ಎಂಬ ಭರವಸೆ ಮಕ್ಕಳಿಗಿರಲಿ. ದೂರದಲ್ಲಿರುವ ಯುವಜನರ ಹೆಸರುಗಳನ್ನು ವಾಳೆಯ ಗುರಿಕಾರರು ಬರೆದಿಟ್ಟುಕೊಂಡು, ತಿಂಗಳಿಗೊಮ್ಮೆ ಅವರಿಗಾಗಿ ಪ್ರಾರ್ಥಿಸುವ ಏರ್ಪಾಟು ಮಾಡಲಿ. ಅವರು ಊರಿಗೆ ಬಂದಾಗ ಗೆದ್ದವರನ್ನೂ ಸೋತವರನ್ನೂ ಸಮಾನವಾಗಿ ಬರಮಾಡಿಕೊಳ್ಳೋಣ.