ಸರ್ವರ್ ಲೋಡ್ 4 ಅಂದ್ರೆ ಜಾಸ್ತಿನಾ? ಅಲರ್ಟ್ ಯಾವಾಗ ಕೂಗಬೇಕು?

ಇವತ್ತಿನ ಎಪಿಸೋಡ್ ಚಿಕ್ಕದು, ಆದರೆ ಸರ್ವರ್ ನೋಡ್ಕೊಳ್ಳೋರ ನಿದ್ದೆಗೆ ಸಂಬಂಧಪಟ್ಟಿದ್ದು.

ರಾತ್ರಿ 2 ಗಂಟೆ. ಫೋನ್ ಬಡ್ಕೊಳ್ಳುತ್ತೆ, 'ಲೋಡ್ 4 ದಾಟಿದೆ' ಅಂತ. ಎದ್ದು ನೋಡಿದ್ರೆ ಏನೂ ಆಗಿಲ್ಲ, ಬ್ಯಾಕಪ್ ಓಡ್ತಿದೆ ಅಷ್ಟೇ. ವಾರದಲ್ಲಿ ನಾಲ್ಕು ಸಲ ಹೀಗಾದ್ರೆ ಐದನೇ ಸಲ ಯಾರೂ ಏಳಲ್ಲ. 'ಹುಲಿ ಬಂತು ಹುಲಿ' ಕಥೆ ಗೊತ್ತಲ್ಲ, ನಿಜವಾದ ಹುಲಿ ಬರೋದು ಆವಾಗಲೇ.

ಹಾಗಾದ್ರೆ ಲೋಡ್ ಅಂದ್ರೇನು? ಲಿನಕ್ಸ್‌ನಲ್ಲಿ ಮೂರು ಸಂಖ್ಯೆ ಕಾಣುತ್ತೆ: ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ. ಬ್ಯಾಂಕ್ ನೆನಪಿಸಿಕೊಳ್ಳಿ. ಪ್ರೊಸೆಸರ್‌ನ ಒಂದೊಂದು ಕೋರ್ ಒಂದೊಂದು ಕೌಂಟರ್. ಕೌಂಟರ್ ಮುಂದೆ ಇರೋರು, ಕ್ಯೂನಲ್ಲಿ ಇರೋರು ಎಲ್ಲಾ ಸೇರಿ ಲೋಡ್. ನಾಲ್ಕು ಕೌಂಟರಿಗೆ ನಾಲ್ಕು ಜನ ಬಂದ್ರೆ ಯಾರೂ ಕಾಯಲ್ಲ. ಒಂದೇ ಕೌಂಟರ್ ಇದ್ರೆ ಮೂರು ಜನ ಕಾಯ್ತಾರೆ. ಅಂದ್ರೆ 4 ಅನ್ನೋ ಸಂಖ್ಯೆ ಒಂದೇ, ಪರಿಸ್ಥಿತಿ ಬೇರೆ. ಅದಕ್ಕೇ ಲೋಡನ್ನು ಕೋರ್‌ಗಳ ಸಂಖ್ಯೆಯಿಂದ ಭಾಗಿಸಿ ನೋಡಬೇಕು.

ಇನ್ನೊಂದು ವಿಷಯ. ಡಿಸ್ಕ್‌ಗಾಗಿ ಕಾಯೋ ಕೆಲಸಗಳನ್ನೂ ಲಿನಕ್ಸ್ ಇದರಲ್ಲೇ ಎಣಿಸುತ್ತೆ. ಹಾಗಾಗಿ ಪ್ರೊಸೆಸರ್ ಖಾಲಿ ಕೂತಿದ್ರೂ ಲೋಡ್ ಏರಬಹುದು.

ಈಗ ಮಿತಿ ಹಾಕೋಣ. ಮೊದಲು ಒಂದೆರಡು ವಾರ ಸುಮ್ನೆ ಗ್ರಾಫ್ ನೋಡಿ. ಪ್ರತಿ ಸರ್ವರಿಗೂ ಅದರದ್ದೇ ದಿನಚರಿ ಇರುತ್ತೆ. ತತ್ಕಾಲ್ ಬುಕಿಂಗ್ ಎಸಿ ಕ್ಲಾಸಿಗೆ ಬೆಳಗ್ಗೆ 10ಕ್ಕೆ, ನಾನ್ ಎಸಿಗೆ 11ಕ್ಕೆ ಶುರು. ಆ ಹೊತ್ತಲ್ಲಿ ಜನ ಮುಗಿಬೀಳೋದು ಸಹಜ, ಅದನ್ನ ತುರ್ತು ಪರಿಸ್ಥಿತಿ ಅನ್ನೋಕಾಗಲ್ಲ.

ಆಮೇಲೆ ಎರಡು ಹಂತ ಮಾಡಿ. ಉದಾಹರಣೆಗೆ 4 ಕೋರ್ ಸರ್ವರ್ ತಗೊಳ್ಳಿ. 15 ನಿಮಿಷದ ಸರಾಸರಿ 4 ದಾಟಿದ್ರೆ ಬರೀ ಮೆಸೇಜ್ ಬರಲಿ, ಬೆಳಗ್ಗೆ ನೋಡ್ಕೊಳ್ಳಬಹುದು. 5 ನಿಮಿಷದ ಸರಾಸರಿ 8 ದಾಟಿ, 10 ನಿಮಿಷ ಹಾಗೇ ಇದ್ದು, ಜೊತೆಗೆ ಪೇಜ್ ತೆರೆಯೋದೂ ನಿಧಾನ ಆಗಿದ್ರೆ ಮಾತ್ರ ಫೋನ್ ಬಡ್ಕೊಳ್ಳಲಿ. 8ಕ್ಕೆ ಕೂಗಿದ್ದು 6ಕ್ಕೆ ಇಳಿದ ಮೇಲೆ ನಿಲ್ಲಲಿ. ಇಲ್ಲಾಂದ್ರೆ 7.9, 8.1 ಅಂತ ಸಂಖ್ಯೆ ಓಲಾಡಿದಾಗೆಲ್ಲಾ ಅಲರ್ಟ್ ಬಂದು ಹೋಗಿ ತಲೆ ತಿನ್ನುತ್ತೆ. ಈ ಸಂಖ್ಯೆಗಳು ಶುರು ಮಾಡೋಕೆ ಮಾತ್ರ, ನಿಮ್ಮ ಗ್ರಾಫ್ ನೋಡಿ ಬದಲಾಯಿಸ್ಕೊಳ್ಳಿ.

ಕೊನೆಗೆ ಪ್ರತಿ ಅಲರ್ಟಿಗೂ ಒಂದು ಪ್ರಶ್ನೆ ಕೇಳಿ: ಇದು ಬಂದ್ರೆ ಎದ್ದವರು ತಕ್ಷಣ ಮಾಡಬೇಕಾದ ಕೆಲಸ ಏನು? ಉತ್ತರ ಇಲ್ಲ ಅಂದ್ರೆ ಆ ಅಲರ್ಟ್ ಯಾರನ್ನೂ ಎಬ್ಬಿಸಬಾರದು.

ನಿಮ್ಮ ಟೀಮ್‌ನಲ್ಲಿ ಕಳೆದ ತಿಂಗಳು ಬಂದ ಅಲರ್ಟ್‌ಗಳಲ್ಲಿ ಎಷ್ಟಕ್ಕೆ ನಿಜವಾಗ್ಲೂ ಕೆಲಸ ಇತ್ತು? ಇವತ್ತೇ ಎಣಿಸಿ ನೋಡಿ. ಮುಂದಿನ ವಾರ ಸಿಗೋಣ.