ಇಂಗ್ಲಿಷಿನ ಕರ್ತೃ–ಕ್ರಿಯಾಪದ ಹೊಂದಾಣಿಕೆ: ಕನ್ನಡವೇ ನೀಡುವ ನೆರವು

ಮನೆಯಲ್ಲಿ ಕನ್ನಡ ಮಾತನಾಡಿದರೆ ಮಕ್ಕಳ ಇಂಗ್ಲಿಷ್ ಕೆಡುತ್ತದೆ ಎಂಬ ಭಯ ಹೊರನಾಡ ಕನ್ನಡಿಗರ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಈ ಭಯ ನಮಗೂ ಅಪರಿಚಿತವಲ್ಲ. ಕಲಾ ಪದವಿ ಪಡೆದು, 1990ರ ದಶಕದ ಆರಂಭದಲ್ಲಿ ಮುಂಬಯಿಯ ಬ್ಯಾಂಕೊಂದಕ್ಕೆ ಗುಮಾಸ್ತರಾಗಿ ಸೇರಿದ ಹೊಸತರಲ್ಲಿ ನಾವು ಗ್ರಾಹಕರೊಬ್ಬರಿಗೆ ಪತ್ರ ಬರೆದಿದ್ದೆವು. ಅದರಲ್ಲಿ ‘ದಿ ಡಿಟೇಲ್ಸ್ ಆಫ್ ಯುವರ್ ಅಕೌಂಟ್ ಈಸ್ ಎನ್‌ಕ್ಲೋಸ್ಡ್’ ಎಂಬ ವಾಕ್ಯವಿತ್ತು. ನಮ್ಮ ಮೇಲಧಿಕಾರಿಗಳು ‘ಈಸ್’ ಎಂಬ ಪದದ ಸುತ್ತ ಕೆಂಪು ಶಾಯಿಯಲ್ಲಿ ವೃತ್ತವೆಳೆದು, ಕೌಂಟರಿನ ಮುಂದೆ ನಿಂತಿದ್ದ ಗ್ರಾಹಕರಿಗೂ ಕೇಳಿಸುವಂತೆ, "ಯಾವ ಮಾಧ್ಯಮದಲ್ಲಿ ಓದಿದ್ದೀರಿ?" ಎಂದು ಪ್ರಶ್ನಿಸಿದರು. ಕನ್ನಡ ಮಾಧ್ಯಮವೆಂದು ಹೇಳಿದೆವು. "ಹಾಗಾದರೆ ಸರಿ" ಎಂದು ನಕ್ಕು ಪತ್ರವನ್ನು ಹಿಂದಿರುಗಿಸಿದರು.

ಆ ತಪ್ಪಿಗೆ ಕನ್ನಡವೇ ಕಾರಣವೆಂದು ನಾವು ಬಹುಕಾಲ ನಂಬಿದ್ದೆವು. ಆ ನಂಬಿಕೆ ತಿರುಗಿಬಿದ್ದುದು ಇತ್ತೀಚೆಗೆ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಅಕ್ಕನ ಮಗನು ಬ್ಯಾಂಕ್ ನೇಮಕಾತಿ ಪರೀಕ್ಷೆಯ ಸಿದ್ಧತೆಗೆಂದು ನಮ್ಮ ಮನೆಯಲ್ಲಿ ಬಂದು ಉಳಿದಿದ್ದನು. ಆ ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ ವಾಕ್ಯದೊಳಗಿನ ತಪ್ಪನ್ನು ಹುಡುಕುವ ಪ್ರಶ್ನೆಗಳಿರುತ್ತವೆ. "ಮಾವ, ನಿಯಮ ಬಾಯಿಪಾಠವಿದೆ, ಆದರೂ ತಪ್ಪುತ್ತದೆ" ಎಂದು ಅವನು ಪುಸ್ತಕವನ್ನು ಮುಂದಿಟ್ಟನು. ಅವನಿಗೆ ವಿವರಿಸಹೊರಟಾಗ ನಮಗೆ ಹೊಳೆದ ಸಂಗತಿಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ನಿಯಮವು ಒಂದೇ ಸಾಲಿನದು. ಕರ್ತೃಪದ ಏಕವಚನವಾದರೆ ಕ್ರಿಯಾಪದವೂ ಏಕವಚನ, ಕರ್ತೃಪದ ಬಹುವಚನವಾದರೆ ಕ್ರಿಯಾಪದವೂ ಬಹುವಚನ. ಕನ್ನಡಿಗರಿಗೆ ಇದು ಹೊಸ ವಿಷಯವೇ ಅಲ್ಲ. ಕರ್ತೃವಿನ ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದು ನಮ್ಮ ಭಾಷೆಯ ಸಹಜ ಗುಣ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕ್ರಿಯಾಪದಗಳಿಗಾಗಿ ‘ಆಖ್ಯಾತ ಪ್ರಕರಣ’ವೆಂಬ ಪ್ರತ್ಯೇಕ ಭಾಗವನ್ನೇ ಇರಿಸಿದ್ದಾನೆ. ‘ಬರು’ ಎಂಬ ಒಂದು ಧಾತುವನ್ನು ನೋಡಿ. ವರ್ತಮಾನ ಕಾಲದಲ್ಲಿಯೇ ಬರುತ್ತೇನೆ, ಬರುತ್ತೇವೆ, ಬರುತ್ತೀಯೆ, ಬರುತ್ತೀರಿ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ, ಬರುತ್ತವೆ ಎಂದು 9 ರೂಪಗಳಾಗುತ್ತವೆ. ಇಂಗ್ಲಿಷಿನಲ್ಲಿ ‘ಕಮ್’ ಮತ್ತು ‘ಕಮ್ಸ್’ ಎಂಬ 2 ರೂಪಗಳಷ್ಟೇ. ಒಂಬತ್ತು ರೂಪಗಳನ್ನು ಬಾಲ್ಯದಲ್ಲಿಯೇ ತಪ್ಪಿಲ್ಲದೆ ಆಡಬಲ್ಲ ನಾಲಿಗೆ ಎರಡು ರೂಪಗಳಲ್ಲಿ ಎಡವುವುದೇಕೆ?

ಇಂಗ್ಲಿಷಿಗೂ ಹಿಂದೆ ಇಂತಹ ಸಂಪತ್ತು ಇತ್ತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾನು, ನೀನು, ಅವನು ಎಂಬುದಕ್ಕೆಲ್ಲ ಕ್ರಿಯಾಪದದ ಕೊನೆ ಬೇರೆ ಬೇರೆಯಾಗಿತ್ತು. 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲಿನಲ್ಲಿ ‘ಗೋಸ್’ ಎಂಬುದರ ಬದಲಿಗೆ ‘ಗೋಎತ್’ ಎಂಬಂತಹ ರೂಪಗಳೇ ಕಾಣುತ್ತವೆ. ಕಾಲಕ್ರಮದಲ್ಲಿ ಅವೆಲ್ಲ ಸವೆದುಹೋಗಿ, ವರ್ತಮಾನ ಕಾಲದ ಪ್ರಥಮ ಪುರುಷ ಏಕವಚನಕ್ಕೆ, ಅಂದರೆ ಅವನು, ಅವಳು, ಅದು ಎಂಬುದಕ್ಕೆ, ಒಂದು ‘ಸ್’ ಮಾತ್ರ ಉಳಿದುಕೊಂಡಿತು. ‘ಬಿ’ ಎಂಬ ಧಾತುವಿನಲ್ಲಿ ಮಾತ್ರ ಆಮ್, ಈಸ್, ಆರ್, ವಾಸ್, ವರ್ ಎಂದು ಹಳೆಯ ಭೇದಗಳು ಸ್ವಲ್ಪ ಹೆಚ್ಚಾಗಿ ಉಳಿದಿವೆ. ಕ್ಯಾನ್, ಮೇ, ವಿಲ್ ಮುಂತಾದ ಸಹಾಯಕ ಕ್ರಿಯಾಪದಗಳಿಗೆ ಆ ‘ಸ್’ ಕೂಡ ಇಲ್ಲ.

ಈ ‘ಸ್’ ಮಕ್ಕಳನ್ನು ಗೊಂದಲಕ್ಕೀಡುಮಾಡುವುದುಂಟು. ನಾಮಪದಕ್ಕೆ ಸೇರಿದಾಗ ಅದು ಬಹುವಚನದ ಗುರುತು, ಕ್ರಿಯಾಪದಕ್ಕೆ ಸೇರಿದಾಗ ಏಕವಚನದ ಗುರುತು. ‘ದಿ ಬಾಯ್ ರನ್ಸ್’, ‘ದಿ ಬಾಯ್ಸ್ ರನ್’. ಇಬ್ಬರ ನಡುವೆ ಒಂದೇ ಕೊಡೆ, ಅವನು ಹಿಡಿದರೆ ಇವನಿಗಿಲ್ಲ ಎಂದು ಮಕ್ಕಳಿಗೆ ಹೇಳಿಕೊಡಬಹುದು. ಸಾಧಾರಣ ವಾಕ್ಯಗಳಿಗೆ ಇಷ್ಟು ಸಾಕು.

ತೊಡಕು ಆರಂಭವಾಗುವುದು ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಬೇರೆ ಪದಗಳು ಬಂದು ಕುಳಿತಾಗ. ನಮ್ಮ ಪತ್ರದಲ್ಲಿ ಆದುದೂ ಇದೇ. ‘ಡಿಟೇಲ್ಸ್’ ಎಂಬ ಬಹುವಚನದ ಕರ್ತೃ ದೂರದಲ್ಲಿತ್ತು, ‘ಅಕೌಂಟ್’ ಎಂಬ ಏಕವಚನ ಪಕ್ಕದಲ್ಲಿತ್ತು. ಕಿವಿಯು ಪಕ್ಕದ ಪದವನ್ನು ನಂಬಿ ‘ಈಸ್’ ಎಂದಿತು. ಇಂಗ್ಲಿಷಿನ ‘ಆಫ್’ ಎಂಬ ಪದವು ವಿಶೇಷಣಗಳನ್ನು ಮುಖ್ಯ ಪದದ ನಂತರ ಜೋಡಿಸುವುದರಿಂದ ಹೀಗಾಗುತ್ತದೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರೂ ಇಲ್ಲಿ ತಪ್ಪುವುದುಂಟು.

ಈಗ ಅದೇ ಪದಪುಂಜವನ್ನು ಕನ್ನಡದಲ್ಲಿ ಹೇಳಿ ನೋಡೋಣ: ‘ನಿಮ್ಮ ಖಾತೆಯ ವಿವರಗಳು’. ನಮ್ಮ ಭಾಷೆಯಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು, ಮುಖ್ಯ ಪದವು ಕೊನೆಯಲ್ಲಿ ನಿಲ್ಲುತ್ತದೆ. ‘ಖಾತೆಯ’ ಎಂಬುದು ಷಷ್ಠೀ ವಿಭಕ್ತಿಯ ಪ್ರತ್ಯಯ ಹೊತ್ತಿರುವುದರಿಂದ ಅದು ಕರ್ತೃವಾಗಲಾರದು. ‘ವಿವರಗಳು’ ಪ್ರಥಮಾ ವಿಭಕ್ತಿಯಲ್ಲಿದೆ, ಬಹುವಚನದಲ್ಲಿದೆ. ಆದುದರಿಂದ ಇಂಗ್ಲಿಷಿನಲ್ಲಿ ‘ಆರ್’ ಬರಬೇಕು. ಅಂದು ನಾವು ಕನ್ನಡವನ್ನು ಒಂದು ಕ್ಷಣ ಕೇಳಿದ್ದರೆ, ಅದೇ ನಮ್ಮನ್ನು ಆ ಕೆಂಪು ವೃತ್ತದಿಂದ ಪಾರುಮಾಡುತ್ತಿತ್ತು.

ಅಕ್ಕನ ಮಗನಿಗೆ ನಾವು ಹೇಳಿಕೊಟ್ಟ ಉಪಾಯ ಇಷ್ಟೇ: ಕರ್ತೃಭಾಗವನ್ನು ಮನಸ್ಸಿನಲ್ಲಿಯೇ ಕನ್ನಡಕ್ಕೆ ತಿರುಗಿಸು, ಕೊನೆಯಲ್ಲಿ ಬರುವ ಪದವನ್ನು ನೋಡು. ‘ದಿ ಲಿಸ್ಟ್ ಆಫ್ ಕಸ್ಟಮರ್ಸ್’ ಎಂದರೆ ಗ್ರಾಹಕರ ಪಟ್ಟಿ. ಕೊನೆಯ ಪದ ಪಟ್ಟಿ, ಆದುದರಿಂದ ‘ಈಸ್’. ‘ಒನ್ ಆಫ್ ದಿ ಸ್ಟೂಡೆಂಟ್ಸ್’ ಎಂದರೆ ವಿದ್ಯಾರ್ಥಿಗಳಲ್ಲಿ ಒಬ್ಬನು, ಆದುದರಿಂದ ‘ಹ್ಯಾಸ್’. ‘ಈಚ್ ಆಫ್ ದಿ ಬ್ರಾಂಚಸ್’ ಎಂದರೆ ಶಾಖೆಗಳಲ್ಲಿ ಪ್ರತಿಯೊಂದು, ಮತ್ತೆ ಏಕವಚನ. ಪರೀಕ್ಷೆಗಳಲ್ಲಿ ಪದೇ ಪದೇ ಬರುವ ‘ದಿ ನಂಬರ್ ಆಫ್’, ‘ಎ ನಂಬರ್ ಆಫ್’ ಎಂಬ ಜೋಡಿಯೂ ಇಲ್ಲಿ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ‘ದಿ ನಂಬರ್ ಆಫ್ ಕಸ್ಟಮರ್ಸ್’ ಎಂದರೆ ಗ್ರಾಹಕರ ಸಂಖ್ಯೆ, ಅದು ಏಕವಚನ. ‘ಎ ನಂಬರ್ ಆಫ್ ಕಸ್ಟಮರ್ಸ್’ ಎಂದರೆ ಹಲವು ಗ್ರಾಹಕರು, ಅದು ಬಹುವಚನ. ‘ದಿ ಮ್ಯಾನೇಜರ್, ಅಲಾಂಗ್ ವಿತ್ ದಿ ಕ್ಲರ್ಕ್ಸ್’ ಎಂಬುದು ಗುಮಾಸ್ತರೊಡನೆ ವ್ಯವಸ್ಥಾಪಕನು ಎಂದಾಗುತ್ತದೆ. ‘ಒಡನೆ’ ಎಂದು ಬಂದವರು ಜೊತೆಗಾರರು, ಕರ್ತೃ ವ್ಯವಸ್ಥಾಪಕನೊಬ್ಬನೇ.

ಆದರೆ ಕನ್ನಡವು ಎಲ್ಲ ಕಡೆಗಳಲ್ಲಿಯೂ ದಾರಿ ತೋರುತ್ತದೆ ಎಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ನಾವು ಎಚ್ಚರ ವಹಿಸಬೇಕಾದ ಮೂರು ಸ್ಥಳಗಳಿವೆ.

ಮೊದಲನೆಯದು ಗೌರವ ಬಹುವಚನ. ‘ನಮ್ಮ ತಂದೆ ಬಂದಿದ್ದಾರೆ’ ಎನ್ನುವ ನಮ್ಮ ಬಾಯಲ್ಲಿ ‘ಮೈ ಫಾದರ್ ಹ್ಯಾವ್ ಕಮ್’ ಎಂದು ಬರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಸಂಸ್ಕಾರದಿಂದ. ತಂದೆಗೆ ಏಕವಚನ ಬಳಸಲು ಮನಸ್ಸು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ತಂದೆಗೂ ‘ಹ್ಯಾಸ್’, ರಾಷ್ಟ್ರಪತಿಗೂ ‘ಹ್ಯಾಸ್’. ಹಾಗೆಂದು ಇಂಗ್ಲಿಷಿಗೆ ಗೌರವ ಬಹುವಚನ ತಿಳಿಯದೆಂದಲ್ಲ. ‘ಯೂ’ ಎಂಬುದು ಮೂಲತಃ ನಮ್ಮ ‘ನೀವು’ ಇದ್ದಂತೆ. ‘ನೀನು’ ಎಂಬರ್ಥದ ‘ದೌ’ ಬಳಕೆಯಿಂದ ಮರೆಯಾಗಿ, ಗೌರವದ ‘ಯೂ’ ಎಲ್ಲರಿಗೂ ನಿಂತಿತು. ಎದುರಿಗಿರುವವರು ಒಬ್ಬರೇ ಆದರೂ ‘ಯೂ ಆರ್’ ಎನ್ನುವುದಕ್ಕೆ ಕಾರಣ ಇದೇ.

ಎರಡನೆಯದು ‘ಎಲ್ಲರೂ’ ಎಂಬ ಪದ. ‘ಎಲ್ಲರೂ ಬಂದಿದ್ದಾರೆ’ ಎಂಬುದು ನಮಗೆ ಬಹುವಚನವಾದುದರಿಂದ ‘ಎವ್ರಿವನ್ ಹ್ಯಾವ್ ಕಮ್’ ಎಂದುಬಿಡುತ್ತೇವೆ. ‘ಎವ್ರಿವನ್’ ಪದದ ಒಳಗೆಯೇ ‘ಒನ್’ ಅಡಗಿದೆ. ಅದನ್ನು ‘ಪ್ರತಿಯೊಬ್ಬನೂ’ ಎಂದು ತಿರುಗಿಸಿಕೊಂಡರೆ ‘ಹ್ಯಾಸ್’ ತಾನಾಗಿ ಬರುತ್ತದೆ.

ಮೂರನೆಯದು ನಪುಂಸಕಲಿಂಗದ ಬಹುವಚನ. ಆಡುಮಾತಿನಲ್ಲಿ ‘ನಾಲ್ಕು ಪುಸ್ತಕ ಇದೆ’ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಬರವಣಿಗೆಯಲ್ಲಿ ಮಾತ್ರ ‘ನಾಲ್ಕು ಪುಸ್ತಕಗಳಿವೆ’ ಎನ್ನುತ್ತೇವೆ. ಆಡುಮಾತಿನ ಈ ಸಡಿಲಿಕೆಯಿಂದಲೇ ‘ದೇರ್ ಈಸ್ ಫೋರ್ ಬುಕ್ಸ್’ ಎಂಬಂತಹ ವಾಕ್ಯಗಳು ಹುಟ್ಟುತ್ತವೆ. ಹಾಗಾಗಿ ಕನ್ನಡವನ್ನು ಕೇಳುವಾಗ ಗ್ರಂಥಸ್ಥ ಕನ್ನಡವನ್ನೇ ಕೇಳುವುದು ಒಳಿತು.

ಇನ್ನು ಎರಡು ಕರ್ತೃಗಳ ವಿಚಾರ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದವರಿಗೆ ಇದನ್ನು ವಿವರಿಸುವುದು ಸುಲಭ. ಗಂಡ ಹೆಂಡತಿ ಇಬ್ಬರೂ ಸೇರಿಯೇ ಸಹಿ ಹಾಕಬೇಕೆಂಬ ಷರತ್ತಿದ್ದರೆ ಅದು ‘ಅಂಡ್’ ಇದ್ದ ಹಾಗೆ, ಕ್ರಿಯಾಪದ ಬಹುವಚನ: ‘ದಿ ಹಸ್ಬೆಂಡ್ ಅಂಡ್ ದಿ ವೈಫ್ ಹ್ಯಾವ್ ಸೈನ್ಡ್’. ‘ಐದರ್ ಆರ್ ಸರ್ವೈವರ್’ ಎಂಬ ಷರತ್ತಿದ್ದರೆ ಇಬ್ಬರಲ್ಲಿ ಯಾರಾದರೊಬ್ಬರ ಸಹಿ ಸಾಕು. ಒಬ್ಬರ ಸಹಿ, ಆದುದರಿಂದ ಏಕವಚನ: ‘ಐದರ್ ದಿ ಹಸ್ಬೆಂಡ್ ಆರ್ ದಿ ವೈಫ್ ಹ್ಯಾಸ್ ಸೈನ್ಡ್’. ಇಬ್ಬರಲ್ಲಿ ಒಂದು ಏಕವಚನ, ಇನ್ನೊಂದು ಬಹುವಚನವಾಗಿದ್ದರೆ, ಕ್ರಿಯಾಪದಕ್ಕೆ ಹತ್ತಿರವಿರುವುದನ್ನು ಅನುಸರಿಸುವುದು ರೂಢಿ: ‘ಐದರ್ ದಿ ಮ್ಯಾನೇಜರ್ ಆರ್ ದಿ ಕ್ಲರ್ಕ್ಸ್ ಹ್ಯಾವ್ ದಿ ಕೀ’. ಹಣದ ಮೊತ್ತವನ್ನು ಒಂದೇ ಘಟಕವಾಗಿ ಎಣಿಸುವುದರಿಂದ ‘ಟೆನ್ ಥೌಸಂಡ್ ರುಪೀಸ್ ಈಸ್ ಎ ಲಾರ್ಜ್ ಸಮ್’ ಎಂಬುದೇ ಸರಿ.

ಸಂಘದ ವರದಿ ಬರೆಯುವವರಿಗೂ ಒಂದು ಮಾತು. ‘ದಿ ಸೆಕ್ರೆಟರಿ ಅಂಡ್ ಟ್ರೆಷರರ್ ವಾಸ್ ಪ್ರೆಸೆಂಟ್’ ಎಂದರೆ ಎರಡು ಹೊಣೆಗಳನ್ನು ಹೊತ್ತ ಒಬ್ಬರೇ ಹಾಜರಿದ್ದರೆಂದು ಅರ್ಥ. ‘ದಿ ಸೆಕ್ರೆಟರಿ ಅಂಡ್ ದಿ ಟ್ರೆಷರರ್ ವರ್ ಪ್ರೆಸೆಂಟ್’ ಎಂದಾಗ ಇಬ್ಬರು. ಒಂದು ‘ದಿ’ ಬಿಟ್ಟುಹೋದರೆ ಕೋಶಾಧಿಕಾರಿಗಳೇ ಮಾಯವಾಗಬಹುದು! ‘ಟೀಮ್’, ‘ಕಮಿಟಿ’ ಮುಂತಾದ ಸಮೂಹವಾಚಕಗಳ ವಿಷಯದಲ್ಲಿ ಮಾತ್ರ ಇಂಗ್ಲಿಷರಲ್ಲಿಯೇ ಎರಡು ಪದ್ಧತಿಗಳಿವೆ. ಬ್ರಿಟನ್ನಿನ ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ‘ಇಂಗ್ಲೆಂಡ್ ಆರ್ ಬ್ಯಾಟಿಂಗ್’ ಎನ್ನುವುದು ಸಾಮಾನ್ಯ, ಅಮೆರಿಕದಲ್ಲಿ ತಂಡಕ್ಕೆ ‘ಟೀಮ್ ಈಸ್’ ಎಂದೇ ಹೆಚ್ಚು ಬಳಕೆ. ಒಂದು ಬರಹದಲ್ಲಿ ಒಂದೇ ಪದ್ಧತಿಯನ್ನು ಅನುಸರಿಸಿದರೆ ಸಾಕು.

ಈ ಪಾಠ ನಡೆಯುತ್ತಿದ್ದಾಗ ಮುಂಬಯಿಯಲ್ಲಿಯೇ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಗಳು ಪಕ್ಕದಲ್ಲಿ ಕುಳಿತು ನಗುತ್ತಿದ್ದಳು. ಇಂಗ್ಲಿಷಿನ ಈ ವಾಕ್ಯಗಳು ಅವಳಿಗೆ ಲೀಲಾಜಾಲ. ಆದರೆ ಅವಳೇ ಚಿಕ್ಕವಳಿದ್ದಾಗ "ಅಪ್ಪಾ, ಬಸ್ಸು ಬಂದಳು" ಎಂದು ಕೂಗುತ್ತಿದ್ದುದನ್ನು ನಾವು ನೆನಪಿಸಿದೆವು. ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಬಸ್ಸು ಸ್ತ್ರೀಲಿಂಗ. ಆಟದ ಗೆಳತಿಯರಿಂದ ಕಲಿತ ಲಿಂಗವನ್ನು ಮಗು ಕನ್ನಡಕ್ಕೂ ತಂದಿತ್ತು. ಅಂದು ಅವಳನ್ನು ಯಾರೂ ಹಂಗಿಸಲಿಲ್ಲ. ಅವಳ ಅಜ್ಜಿಯು "ಬಸ್ಸು ಬಂತು ಮಗಾ" ಎಂದು ತಿದ್ದಿ ಕೈಹಿಡಿದು ಕರೆದೊಯ್ದಿದ್ದರು, ಅಷ್ಟೇ.

ಒಂದು ಭಾಷೆಯ ಅಭ್ಯಾಸ ಇನ್ನೊಂದಕ್ಕೆ ಬರುವುದು ಸಹಜ. ಅದನ್ನು ಕೆಂಪು ಶಾಯಿಯಿಂದ ತಿದ್ದುವುದಕ್ಕಿಂತ ಅಜ್ಜಿಯಂತೆ ತಿದ್ದುವುದು ಮೇಲು. ಮನೆಯಲ್ಲಿ ಕನ್ನಡ ಗಟ್ಟಿಯಾಗಿರುವ ಮಗುವಿನ ಬಳಿ ಕರ್ತೃವನ್ನು ಗುರುತಿಸುವ ವಿದ್ಯೆ ಆಗಲೇ ಇದೆ. ಆದುದರಿಂದ ಇಂಗ್ಲಿಷಿಗಾಗಿ ಕನ್ನಡವನ್ನು ಮನೆಯಿಂದ ಹೊರಗಿಡುವ ಅಗತ್ಯವಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಇಂದು ಸಂಜೆ ಮಕ್ಕಳು ವ್ಯಾಕರಣದ ಪುಸ್ತಕ ತೆರೆದಾಗ, ಕಷ್ಟದ ಒಂದು ವಾಕ್ಯವನ್ನು ಅವರೊಡನೆ ಕನ್ನಡದಲ್ಲಿ ಹೇಳಿ ನೋಡಿರಿ. ಉತ್ತರವನ್ನು ಮಕ್ಕಳೇ ಹೇಳುತ್ತಾರೆ.